ಬೆಲೆ ಹೇಳುವವರೆಗೆ ಊಟವಿಲ್ಲ

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಗೋದಾಮಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋಡೆಗೆ ಒಟ್ಟಿದ ಚೀಲಗಳ ಪಕ್ಕ ಒಂದು ಹಳೆಯ ಮೇಜು, ಅದರ ಮೇಲೆ ಲ್ಯಾಪ್‌ಟಾಪ್. ಶಾಲು ಹೊದ್ದು ಕೂತಿರುವ ಶಿಲ್ಪಾ ಪರದೆಯ ಮೇಲೆ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದಾರೆ. ಧ್ವನಿ ಪೂರ್ತಿ ನಿಲ್ಲಿಸಿದ್ದಾರೆ. ಚೆಂಡು ಪರದೆಯ ಬಲತುದಿಯಲ್ಲಿದೆ. ಅವರ ಕಣ್ಣು ಮಾತ್ರ ಎಡತುದಿಯಲ್ಲಿ, ಕೆಲಸವಿಲ್ಲದೆ ನಿಂತಂತೆ ಕಾಣುವ ಒಬ್ಬ ಆಟಗಾರನ ಮೇಲಿದೆ. ಅತ್ತ ಗೋಲು ಬೀಳುತ್ತದೆ, ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಾರೆ. ಶಿಲ್ಪಾ ಆ ಕಡೆ ತಿರುಗುವುದಿಲ್ಲ.

‘ಚೆಂಡು ನೋಡ್ತಾ ಕೂತ್ರೆ ಈ ಕೆಲ್ಸ ಆಗಲ್ಲ. ಚೆಂಡು ಕಾಲಿಗೆ ಸಿಕ್ಕಿದಾಗ ಎಲ್ರೂ ಚೆನ್ನಾಗೇ ಕಾಣ್ತಾರೆ. ಸಿಗದೇ ಇದ್ದಾಗ ಎಲ್ಲಿ ನಿಂತಿರ್ತಾನೆ, ಯಾವಾಗ ಓಡೋಕೆ ಶುರು ಮಾಡ್ತಾನೆ, ಅದನ್ನ ನೋಡ್ಬೇಕು,’ ಎನ್ನುತ್ತಾರೆ ಅವರು.

ಮೂವತ್ತೆಂಟು ವರ್ಷದ ಶಿಲ್ಪಾ ಕೊಬ್ಬರಿ ವರ್ತಕ ದೇವೀರಪ್ಪ ಅವರ ಸೊಸೆ. ಅಂತರ್ಜಾಲದಲ್ಲಿ ಆಡುವ ಒಂದು ಫುಟ್‌ಬಾಲ್ ಆಟಕ್ಕೆ ಆಟಗಾರರ ಬೆಲೆ ಕಟ್ಟುವುದು ಏಳು ವರ್ಷಗಳಿಂದ ಅವರ ಬೆಳಗಿನ ಕೆಲಸ. ಆ ಆಟದಲ್ಲಿ ಆಡುವವರೆಲ್ಲ ಒಂದೊಂದು ಕಾಲ್ಪನಿಕ ತಂಡದ ಮಾಲೀಕರು. ಕೊಳ್ಳುವ, ಮಾರುವ ಆಟಗಾರರು ಮಾತ್ರ ನಿಜವಾದವರು. ಹಣವೂ ಆಟದ ಹಣವೇ. ಆದರೆ ಯಾವ ಆಟಗಾರನಿಗೆ ಎಷ್ಟು ಬೆಲೆ ಎಂಬುದನ್ನು ಯಾರಾದರೂ ನೋಡಿ ಹೇಳಬೇಕು. ಹೆಸರುವಾಸಿ ಲೀಗ್‌ಗಳ ಲೆಕ್ಕ ಹಾಕಲು ಬೇಕಾದಷ್ಟು ಜನ, ಯಂತ್ರ ಎಲ್ಲ ಇವೆ. ಟಿ.ವಿ.ಯಲ್ಲಿ ಬಾರದ ಸಣ್ಣ ಲೀಗ್‌ಗಳಿಗೆ ಒಬ್ಬೊಬ್ಬರೇ ಇರುತ್ತಾರೆ. ಬೆಂಗಳೂರಿನ ಕೆಳಹಂತದ ಲೀಗ್‌ನ ಇನ್ನೂರಕ್ಕೂ ಹೆಚ್ಚು ಆಟಗಾರರು ಶಿಲ್ಪಾ ಒಬ್ಬರ ಪಾಲಿಗೆ ಬಿದ್ದಿದ್ದಾರೆ. ವರ್ಷಕ್ಕೆ ಎರಡು ಸಲ ಬೆಲೆಗಳ ಪರಿಶೀಲನೆ. ಸಿಗುವ ಗೌರವಧನ ಅಷ್ಟಕ್ಕಷ್ಟೆ. ಆಟದಲ್ಲಿ ಅವರ ಹೆಸರು ಎಲ್ಲಿಯೂ ಕಾಣುವುದಿಲ್ಲ.

ಶಿಲ್ಪಾ ಹುಟ್ಟಿದ್ದು ಗಂಡಸಿಯಲ್ಲಿ, ಬಿ.ಕಾಂ. ಓದಿದ್ದು ಹಾಸನದಲ್ಲಿ. ಈ ಆಟದ ಹುಚ್ಚು ಇದ್ದದ್ದು ಅವರ ತಮ್ಮನಿಗೆ. ತಾನು ಕೊಂಡ ಆಟಗಾರನೊಬ್ಬನ ಬೆಲೆ ತಪ್ಪಾಗಿದೆ ಎಂದು ಅವನು ಕಂಪನಿಗೆ ದೂರು ಕೊಡಬೇಕಾಗಿತ್ತು. ಇಂಗ್ಲಿಷಿನಲ್ಲಿ ಬರೆದುಕೊಟ್ಟವರು ಅಕ್ಕ. ಬರೆಯುವ ಮೊದಲು ತಮ್ಮ ಹೇಳುವುದು ನಿಜವೋ ಸುಳ್ಳೋ ನೋಡೋಣವೆಂದು ಮೂರು ಪಂದ್ಯಗಳ ವಿಡಿಯೊ ಪೂರ್ತಿ ನೋಡಿದರು. ತಮ್ಮನ ಮಾತು ಅರ್ಧ ಮಾತ್ರ ನಿಜ ಎಂದೂ ಅದೇ ಪತ್ರದಲ್ಲಿ ಸೇರಿಸಿದರು. ಕಂಪನಿಯಿಂದ ಬಂದ ಉತ್ತರ, ಪತ್ರ ಬರೆದವರು ಈ ಕೆಲಸ ಮಾಡಲು ಒಪ್ಪುತ್ತಾರೆಯೇ ಎಂಬುದು. ತಮ್ಮ ಎರಡು ತಿಂಗಳು ಮಾತು ಬಿಟ್ಟಿದ್ದ. ಈಗ ಅವನು ಆ ಆಟವನ್ನೇ ಆಡುವುದಿಲ್ಲ.

ನೋಡಲು ಸಿಗುವ ವಿಡಿಯೊಗಳು ಕ್ಲಬ್‌ಗಳೇ ಕಳಿಸುವಂಥವು. ಯಾವುದೋ ಕಟ್ಟಡದ ಮೇಲಿಂದ ಒಂದೇ ಕ್ಯಾಮೆರಾದಲ್ಲಿ ತೆಗೆದವು. ಎಷ್ಟೋ ಸಲ ಅಂಗಿಯ ಮೇಲಿನ ಸಂಖ್ಯೆ ಕಾಣುವುದಿಲ್ಲ. ಓಡುವ ರೀತಿ, ಕೈ ಬೀಸುವ ರೀತಿ ನೋಡಿ ಗುರುತು ಹಿಡಿಯಬೇಕು. ಮೈದಾನಕ್ಕೆ ನಾಯಿ ನುಗ್ಗಿದರೆ ಕ್ಯಾಮೆರಾದವನು ನಾಯಿಯ ಹಿಂದೆ ಹೋಗುವುದೂ ಉಂಟು. ಮಂಡಿಗೆ ಹಾಕಿಸಿದ ಇಂಟರ್‌ನೆಟ್ ಗೋದಾಮಿನಲ್ಲಿ ಮಾತ್ರ ಚೆನ್ನಾಗಿ ಬರುವುದರಿಂದ, ಹಮಾಲರು ಬಂದು ಚೀಲ ಎತ್ತುವ ಮೊದಲು ಶಿಲ್ಪಾ ಕೆಲಸ ಮುಗಿಸಬೇಕು.

ಮನೆಯಲ್ಲಿ ಮೊದಮೊದಲು ಯಾರಿಗೂ ಇದು ಅರ್ಥವಾಗಿರಲಿಲ್ಲ. ‘ಬೆಳಬೆಳಗ್ಗೇನೇ ನಿಮ್ಮ ಮಗಳು ಗೇಮ್ ಆಡ್ತಾ ಕೂತ್ಕೋತಾಳೆ ಅಂತ ಅವಳ ತಾಯಿಗೆ ಫೋನ್ ಮಾಡಿ ಹೇಳಿದ್ದೆ ಕಣ್ರೀ,’ ಎಂದು ಅತ್ತೆ ಸುಮಿತ್ರಮ್ಮ ನಗುತ್ತಾರೆ. ಗಂಡ ಶರತ್ಚಂದ್ರ ಮಂಡಿಗೆ ಬಂದವರಿಗೆಲ್ಲ ‘ನಮ್ಮನೇಲಿ ಅಪ್ಪ ಕೊಬ್ಬರಿಗೆ ರೇಟು ಹೇಳ್ತಾರೆ, ಇವಳು ಗಂಡಸ್ರಿಗೆ ಹೇಳ್ತಾಳೆ’ ಎಂದು ಪರಿಚಯಿಸುತ್ತಾರೆ. ಆಟಗಾರರ ಮಾತು ಇಷ್ಟು ಹಗುರವಾಗಿರುವುದಿಲ್ಲ. ಕಳೆದ ವರ್ಷ ಒಬ್ಬಾತ ಹೇಗೋ ನಂಬರು ಹುಡುಕಿ ‘ಆಂಟಿ, ನೀವು ಅಡುಗೆ ನೋಡ್ಕೊಳ್ಳಿ’ ಎಂದು ಮೆಸೇಜ್ ಹಾಕಿದ್ದ. ಅವನ ಬೆಲೆ ಏನಾಯಿತು ಎಂದು ಕೇಳಿದರೆ ಶಿಲ್ಪಾ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: ‘ಆ ಸಲ ಏರ್ತು. ಚೆನ್ನಾಗಿ ಆಡಿದ್ದ.’

ಈ ಕೆಲಸದ ಭಾರ ಇರುವುದು ಆಟದ ಹೊರಗೆ. ಈ ಹಂತದ ಆಟಗಾರರ ಬಗ್ಗೆ ಬೇರೆ ಯಾವ ಅಂಕಿ ಅಂಶವೂ ಸಿಗದ ಕಾರಣ, ಸಣ್ಣ ಕ್ಲಬ್‌ಗಳವರು ಹೊಸಬರನ್ನು ಕರೆಯುವ ಮುಂಚೆ ಈ ಆಟದ ಪಟ್ಟಿ ತೆಗೆದು ನೋಡುತ್ತಾರೆ. ‘ನೋಡಬಾರದು, ಅದು ಆಟಕ್ಕೆ ಅಂತ ಮಾಡಿದ್ದು. ಆದ್ರೂ ನೋಡ್ತಾರೆ. ಅದು ಗೊತ್ತಾದ್ಮೇಲೆ ನಾನು ಒಂದೊಂದು ಪಂದ್ಯ ಎರಡೆರಡು ಸಲ ನೋಡೋಕೆ ಶುರು ಮಾಡ್ದೆ,’ ಎನ್ನುತ್ತಾರೆ ಶಿಲ್ಪಾ.

ಬೆಲೆ ಕಟ್ಟುವ ವಿಷಯದಲ್ಲಿ ಆ ಮನೆಗೆ ತನ್ನದೇ ಒಂದು ಪದ್ಧತಿ ಇದೆ. ದೇವೀರಪ್ಪ ಅವರ ತಂದೆಯ ಕಾಲದಿಂದ ಬಂದದ್ದು. ರೈತರ ಮನೆಗೆ ಹೋಗಿ ಅಟ್ಟದ ಮೇಲಿನ ಕಾಯಿ ನೋಡುವಾಗ, ಬೆಲೆ ಹೇಳುವ ಮೊದಲು ಅಲ್ಲಿ ನೀರು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಮಾರುವವರು ಇವರ ಮನೆಗೆ ಬಂದರೂ ಅಷ್ಟೆ, ಬೆಲೆ ಆಗುವ ತನಕ ಎಲೆ ಹಾಕುವುದಿಲ್ಲ. ಬೆಲೆ ಹೇಳಿದ ಮೇಲೆ, ವ್ಯಾಪಾರ ಕುದುರಲಿ ಬಿಡಲಿ, ಇಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಅಕಸ್ಮಾತ್ ಮೊದಲೇ ಊಟವಾಗಿಬಿಟ್ಟರೆ ಆ ಮಾಲಿಗೆ ದೇವೀರಪ್ಪ ಬೆಲೆ ಹೇಳುವುದಿಲ್ಲ, ಇನ್ನೊಬ್ಬ ವರ್ತಕರಿಗೆ ಬಿಟ್ಟುಕೊಡುತ್ತಾರೆ.

ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಮಂಡಿಗೆ ಬಂದು ಕೂರುವ ದೇವೀರಪ್ಪ ಇದಕ್ಕೆ ಕೊಡುವ ವಿವರಣೆ ಚಿಕ್ಕದು. ‘ಅವರ ಅನ್ನ ಉಂಡ್ರೆ ಒಂದೆರಡು ರೂಪಾಯಿ ಜಾಸ್ತಿ ಹೇಳೋಣ ಅನ್ಸುತ್ತೆ. ಹಂಗೆ ಅನ್ನಿಸ್ತಲ್ಲ ಅಂತ ಹೆದ್ರಿಕೊಂಡು ಕಮ್ಮಿ ಹೇಳಿಬಿಡ್ತೀವಿ. ಎರಡೂ ಸರಿಯಾದ ಬೆಲೆ ಅಲ್ಲ ಕಣ್ರೀ. ಇಕ್ಕಿದೋರಿಗೂ ಅಷ್ಟೇ, ಉಂಡೋರಿಗೂ ಅಷ್ಟೇ.’ ಪದ್ಧತಿಯಿಂದ ನಷ್ಟವೂ ಆಗಿದೆ. ಗಂಡಸಿಯ ಲಕ್ಕಪ್ಪ ಅವರ ಮನೆಯಲ್ಲಿ ಒಮ್ಮೆ ಹಬ್ಬದ ಒತ್ತಾಯಕ್ಕೆ ಒಬ್ಬಟ್ಟು ತಿಂದು, ಅವರ ಕೊಬ್ಬರಿಯನ್ನು ಬೇರೆಯವರಿಗೆ ಬಿಡಬೇಕಾಯಿತು. ಆ ವರ್ತಕರು ಹೇಳಿದ ಬೆಲೆ ಕಮ್ಮಿ. ಲಕ್ಕಪ್ಪ ಒಂದು ವರ್ಷ ಮಂಡಿಯ ಕಡೆ ತಲೆ ಹಾಕಿರಲಿಲ್ಲ.

ಕಂಪನಿಯ ನಿಯಮಗಳಲ್ಲಿ ಇಂಥದ್ದೇನೂ ಇಲ್ಲ. ಆಟಗಾರ ನೆಂಟನಾಗಿರಬಾರದು, ಅವನಿಂದ ಹಣ ಪಡೆದಿರಬಾರದು, ಅಷ್ಟೆ. ಆದರೂ ಶಿಲ್ಪಾ ಮೊದಲ ದಿನದಿಂದ ಮಾವನ ಪದ್ಧತಿಯನ್ನೇ ಅನುಸರಿಸಿದ್ದಾರೆ. ಫೋನು ಮಾಡಿದ ಆಟಗಾರರೊಂದಿಗೆ ಬೆಲೆಯ ಮಾತು ಆಡುವುದಿಲ್ಲ. ಕ್ಲಬ್‌ನವರು ಕಳಿಸಿದ ಸಿಹಿ ಡಬ್ಬಿ ಒಮ್ಮೆ ಬಂದ ದಾರಿಯಲ್ಲೇ ಹಿಂತಿರುಗಿತ್ತು. ಏಳು ವರ್ಷ ಇದರಲ್ಲಿ ಏನೂ ತೊಡಕಾಗಲಿಲ್ಲ. ತೊಡಕಾದದ್ದು ಈ ವರ್ಷ, ಮಧುಕುಮಾರ್ ವಿಷಯದಲ್ಲಿ.

ಮಧುಕುಮಾರ್ ಬೇಲೂರು ತಾಲ್ಲೂಕಿನ ಬಿಕ್ಕೋಡಿನವರು. ತಾಯಿ ಚಲುವಮ್ಮ ಕಾಫಿ ತೋಟದಲ್ಲಿ ಕೂಲಿ ಕೆಲಸ ಮಾಡುತ್ತಾರೆ. ಎಡಬದಿಯ ರಕ್ಷಣಾ ಆಟಗಾರನಾಗಿ ಬೆಂಗಳೂರಿನ ಲೀಗ್‌ನಲ್ಲಿ ನಾಲ್ಕು ವರ್ಷ ಆಡಿದ ಅವರಿಗೆ ಹೋದ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಕ್ಲಬ್ ಕೈಬಿಟ್ಟಿತು. ಇಪ್ಪತ್ತಾರನೆಯ ವಯಸ್ಸಿಗೆ ಊರಿಗೆ ಮರಳಿ ತೋಟದ ಜೀಪು ಓಡಿಸುತ್ತ, ಸಂಜೆ ಕಾಫಿ ಕಣದ ಸಿಮೆಂಟಿನ ಮೇಲೆ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಬೆಂಗಳೂರಿನ ಇನ್ನೊಂದು ಕ್ಲಬ್ ಆಯ್ಕೆ ಪಂದ್ಯಕ್ಕೆ ಆಟಗಾರರನ್ನು ಕರೆಯುವುದರಲ್ಲಿತ್ತು, ಆದರೆ ಪಟ್ಟಿಯಲ್ಲಿ ಹೆಸರಿದ್ದವರನ್ನು ಮಾತ್ರ. ಒಂದು ಋತುವಿಡೀ ಆಡುವುದನ್ನು ಯಾರೂ ನೋಡದ ಆಟಗಾರನ ಹೆಸರನ್ನು ಆಟವು ಪಟ್ಟಿಯಿಂದ ತೆಗೆದುಹಾಕುತ್ತದೆ. ಮಧುಕುಮಾರ್ ಆಡುವುದನ್ನು ಯಾರೂ ನೋಡಿರಲಿಲ್ಲ.

ಅವರ ಫೋನು ಬಂದಾಗ ಶಿಲ್ಪಾ ಅದನ್ನೂ ಇಡುವುದರಲ್ಲಿದ್ದರು. ‘ಜಾಸ್ತಿ ಮಾಡಿ ಅಂತ ಕೇಳ್ತಿಲ್ಲ ಮೇಡಂ,’ ಎಂದರು ಮಧುಕುಮಾರ್. ‘ನೋಡಿ ಅಂತ ಕೇಳ್ತಿದೀನಿ, ಅಷ್ಟೇ.’

ಕಾಫಿ ಕಣದಲ್ಲಿ ತಾವೇ ತೆಗೆದ ವಿಡಿಯೊಗಳನ್ನು ಅವರು ಕಳಿಸಿದ್ದರು. ಅವು ಲೆಕ್ಕಕ್ಕೆ ಬರುವುದಿಲ್ಲ. ಹನ್ನೊಂದು ಜನರ ಎರಡು ತಂಡಗಳ ಪೂರ್ತಿ ಪಂದ್ಯ ಬೇಕು. ಪರಿಶೀಲನೆ ಮುಗಿಯುವುದು ಆ ಸೋಮವಾರ. ಭಾನುವಾರ ಬೆಳಿಗ್ಗೆ ಅರಸೀಕೆರೆಯ ಮೈದಾನದಲ್ಲಿ ಊರಿನ ತಂಡಕ್ಕೂ ಕಡೂರಿನವರಿಗೂ ಪಂದ್ಯವಿತ್ತು. ಶಿಲ್ಪಾ ತಂಡದ ನಾಯಕನನ್ನು ಕೇಳಿ ಎಡಬದಿಯಲ್ಲಿ ಒಂದು ಜಾಗ ಕೊಡಿಸಿದರು. ಮಧುಕುಮಾರ್‌ಗೆ ಹೇಳಿದ್ದು ಒಂದೇ: ನೇರ ಮೈದಾನಕ್ಕೆ ಬನ್ನಿ. ಯಾಕೆ ನೇರ ಎಂದು ಹೇಳಲಿಲ್ಲ.

ಭಾನುವಾರ ಹಳೇಬೀಡಿನ ಮೇಲೆ ಬರುವ ಮೊದಲ ಬಸ್ಸಿನಲ್ಲಿ ಮಧುಕುಮಾರ್ ಬಂದಿಳಿದರು. ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಮೈದಾನದ ದಾರಿ ತಿಳಿಯದೆ, ಊರಿನಲ್ಲಿ ತಮಗೆ ಗೊತ್ತಿದ್ದ ಒಂದೇ ಹೆಸರು, ಶಿಲ್ಪಾ ಅವರದು, ಕೇಳಿಕೊಂಡು ದೇವೀರಪ್ಪ ಅವರ ಮನೆಯ ಬಾಗಿಲಿಗೆ ಹೋದರು. ಶಿಲ್ಪಾ ಅಷ್ಟರಲ್ಲಾಗಲೇ ಕ್ಯಾಮೆರಾ ನಿಲ್ಲಿಸಲು ಮೈದಾನಕ್ಕೆ ಹೋಗಿದ್ದರು. ಬಾಗಿಲು ತೆರೆದವರು ಸುಮಿತ್ರಮ್ಮ.

‘ಬಿಕ್ಕೋಡಿಂದ ಬಂದಿದೀನಿ ಅಂದ. ಅಷ್ಟು ದೂರದಿಂದ ಮೊದಲ್ನೇ ಬಸ್ಸಿಗೆ ಬಂದೋನು ಏನು ತಿಂದಿರ್ತಾನೆ? ಒಲೆ ಮೇಲೆ ಕಾವಲಿ ಇತ್ತು. ಬಾರಪ್ಪ ಅಂದೆ,’ ಎಂದು ಅವರು ನೆನೆಯುತ್ತಾರೆ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧುಕುಮಾರ್ ಮೂರು ರೊಟ್ಟಿ ತಿಂದರು. ಮೂರನೆಯದು ತಟ್ಟೆಯಲ್ಲಿರುವಾಗ ದೇವೀರಪ್ಪ ಪೂಜೆ ಮುಗಿಸಿ ಹೊರಗೆ ಬಂದರು.

‘ಯಾರಪ್ಪಾ ನೀನು?’

‘ಫುಟ್‌ಬಾಲ್ ಆಡೋನು ಸಾರ್. ಮೇಡಂ ನೋಡ್ತೀನಿ ಅಂದಿದ್ರು.’

‘ಬೆಲೆ ಹೇಳಿ ಆಯ್ತಾ?’

‘ಇನ್ನೂ ಇಲ್ಲ ಸಾರ್.’

ದೇವೀರಪ್ಪ ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟರು. ‘ಏನ್ ಮಾಡ್ದೆ ಕಣೇ,’ ಎಂದರು ಹೆಂಡತಿಗೆ.

‘ಅದೇನು ಕೊಬ್ಬರಿನಾ? ಹಸ್ಕೊಂಡು ಬಂದ ಹುಡುಗ ಕಣ್ರೀ,’ ಎಂದರು ಸುಮಿತ್ರಮ್ಮ.

ತಟ್ಟೆಯ ಮುಂದೆ ಕೂತವರನ್ನು ಎಬ್ಬಿಸುವಂತಿಲ್ಲ. ದೇವೀರಪ್ಪ ಪದ್ಧತಿಯ ಮಾತೆತ್ತದೆ ಮೈದಾನದ ದಾರಿ ತೋರಿಸಿ ಕಳಿಸಿದರು. ಸೊಸೆಗೆ ಫೋನು ಮಾಡಲಿಲ್ಲ. ಮಾಡಿದ್ದರೆ ಅವರು ಪಂದ್ಯ ನೋಡದೆ ಎದ್ದು ಬರುತ್ತಿದ್ದರು, ನೋಡಿದವರು ಯಾರೂ ಇಲ್ಲದೆ ಹುಡುಗನ ಹೆಸರೇ ಹೋಗುತ್ತಿತ್ತು ಎಂಬುದು ಅವರ ಲೆಕ್ಕ.

ಹೀಗಾಗಿ ಶಿಲ್ಪಾ ಪಂದ್ಯವನ್ನು ಪೂರ್ತಿ ನೋಡಿದರು. ಚೆಂಡು ಬಿಟ್ಟು ಮಧುಕುಮಾರ್ ಒಬ್ಬರನ್ನೇ ನೋಡಿದರು. ತಿರುಗುವಾಗ ಮೊದಲು ಯಾವ ಕಾಲು ಊರುತ್ತಾರೆ, ಡಿಕ್ಕಿ ಹೊಡೆಯಲು ಬಂದವನೆದುರು ಕಾಲು ಹಿಂದೆ ಎಳೆದುಕೊಳ್ಳುತ್ತಾರೆಯೇ, ಕೊನೆಯ ಹತ್ತು ನಿಮಿಷ ಮೊದಲ ಹತ್ತು ನಿಮಿಷದಂತೆಯೇ ಇದೆಯೇ. ಆಟ ಮುಗಿಯುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಒಂದು ಬೆಲೆ ನಿಂತಿತ್ತು. ಮನೆಗೆ ಬಂದಾಗ ರೊಟ್ಟಿಯ ವಿಷಯ ಹೇಳಲು ಸುಮಿತ್ರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

ಅಂದು ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಮಾತಾಡಿದರು. ಕಂಪ್ಯೂಟರಿನ ಆಟ, ಯಾರು ಕೇಳುತ್ತಾರೆ, ಬೆಲೆ ಕಳಿಸಿಬಿಡು ಎಂದರು ಶರತ್ಚಂದ್ರ. ತಪ್ಪು ನನ್ನದು, ಶಿಕ್ಷೆ ಆ ಹುಡುಗನಿಗೆ ಯಾಕೆ ಎಂದರು ಸುಮಿತ್ರಮ್ಮ. ದೇವೀರಪ್ಪ ಮಾತ್ರ ಒಂದು ಮಾತೂ ಆಡಲಿಲ್ಲ. ‘ಮಾವ ಒಂದು ಸಲ ಹೂಂ ಅಂದಿದ್ರೆ ಕಳಿಸ್ತಿದ್ನೇನೋ. ಬೇಡ ಅಂದಿದ್ರೆ ಜಗಳ ಆಡಿ ಕಳಿಸ್ತಿದ್ದೆ. ಸುಮ್ನೆ ಕೂತ್ರು. ಆವಾಗ ನಾನೇ ಕೇಳ್ಕೊಂಡೆ. ನನ್ನ ಮನಸ್ಸಲ್ಲಿರೋ ಬೆಲೆ ರೊಟ್ಟಿ ವಿಷಯ ಗೊತ್ತಾಗೋಕೆ ಮುಂಚೆ ಬಂದಿದ್ದು, ನಿಜ. ಆದ್ರೆ ಬರೆಯೋಕೆ ಕೂತಾಗ ಒಂದು ಸಲ ಹೆಚ್ಚು ಮಾಡ್ದೆ, ಒಂದು ಸಲ ಕಮ್ಮಿ ಮಾಡ್ದೆ. ಅಲ್ಲಿಗೆ ಗೊತ್ತಾಯ್ತು, ಇದು ನನ್ನ ಕೈಲಿ ಇಲ್ಲ ಅಂತ.’

ಸಂಜೆ ಅವರು ಮಧುಕುಮಾರ್‌ಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ‘ತಿಂದಿದ್ದನ್ನ ವಾಪಸ್ ಕೊಡೋಕೆ ಆಗಲ್ವಲ್ಲ ಮೇಡಂ,’ ಎಂದರಂತೆ ಅವರು. ಬಿಕ್ಕೋಡಿನ ಬಸ್ ನಿಲ್ದಾಣದ ಬಳಿ ಜೀಪಿಗೆ ಒರಗಿ ನಿಂತು ಆ ದಿನವನ್ನು ನೆನೆಯುವ ಮಧುಕುಮಾರ್ ಬಚ್ಚಿಡುವುದಿಲ್ಲ. ‘ಸಿಟ್ಟು ಬಂದಿತ್ತು. ಎಲ್ಲೆಲ್ಲೋ ದುಡ್ಡು ಕೊಟ್ಟು ಹೆಸರು ಹಾಕಿಸ್ಕೋತಾರೆ, ನಂದು ರೊಟ್ಟಿಗೆ ಹೋಯ್ತಲ್ಲ ಅಂತ. ಅಮ್ಮಂಗೆ ಹೇಳಿದ್ರೆ ಅವಳು ಒಂದೇ ಕೇಳಿದ್ದು. ರೊಟ್ಟಿ ಚೆನ್ನಾಗಿತ್ತೇನ್ಲಾ ಅಂತ.’

ಶಿಲ್ಪಾ ಪಂದ್ಯದ ವಿಡಿಯೊವನ್ನು ಒಂದು ಕ್ಷಣವೂ ಕತ್ತರಿಸದೆ, ನೀವೇ ಬೆಲೆ ಕಟ್ಟಿ ಎಂದು ಮಂಗಳೂರಿನ ರಮಾ ಅವರಿಗೆ ಕಳಿಸಿದರು. ಕರಾವಳಿಯ ಲೀಗ್‌ಗೆ ಬೆಲೆ ಕಟ್ಟುವವರು ಅವರು. ಇಬ್ಬರೂ ಫೋನಿನಲ್ಲಿ ಗೆಳತಿಯರು, ಮುಖ ನೋಡಿಲ್ಲ. ಕೊನೆಯ ದಿನವಾದ ಸೋಮವಾರ ಬೆಳಿಗ್ಗೆ ರಮಾ ಫೋನು ಮಾಡಿದರು. ಪಂದ್ಯದ ಎರಡನೆಯ ಅರ್ಧದಲ್ಲಿ ಬಿಸಿಲು ಕ್ಯಾಮೆರಾಗೆ ನೇರ ಹೊಡೆದು, ಮಧುಕುಮಾರ್ ಆಡುತ್ತಿದ್ದ ಬದಿ ಬಿಳಿಚಿಕೊಂಡಿತ್ತು. ಮೊಣಕಾಲು ತಡೆಯುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಆ ಅರ್ಧದಲ್ಲೇ.

‘ಏನೂ ಕಾಣ್ತಾ ಇಲ್ಲ ಮಾರಾಯ್ತಿ. ನೀನು ಅಲ್ಲೇ ಇದ್ದಿಯಲ್ಲ, ಕಾಲು ಹೇಗಿತ್ತು ಹೇಳು,’ ಎಂದರು ರಮಾ.

‘ನಾನು ಹೇಳೋ ಹಾಗಿಲ್ಲ ರಮಾ.’

‘ಕಂಪನಿ ರೂಲ್ಸಲ್ಲಿ ರೊಟ್ಟಿ ಇಲ್ಲ ಮಾರಾಯ್ತಿ!’

‘ಕಾಣ್ಸಿದ್ದಕ್ಕೆ ಬೆಲೆ ಹಾಕಿ. ಕಾಣದೇ ಇರೋದಕ್ಕೆ ಹಾಕ್ಬೇಡಿ.’

ಫೋನು ಇಟ್ಟ ಮೇಲೆ ಗೋದಾಮಿನಲ್ಲಿ ಕೂತು ಅತ್ತದ್ದನ್ನು ಶಿಲ್ಪಾ ಹೇಳುವುದಿಲ್ಲ. ಹೇಳುವವರು ಶರತ್ಚಂದ್ರ. ಆ ದಿನದ ನಂತರ ಅವರು ತಮ್ಮ ಹಳೆಯ ತಮಾಷೆಯನ್ನು ಮಂಡಿಯಲ್ಲಿ ಹೇಳಿಲ್ಲ.

ರಮಾ ಕಂಡಷ್ಟಕ್ಕೆ ಬೆಲೆ ಹಾಕಿದರು. ಗಾಯಕ್ಕೆ ಮುಂಚೆ ಇದ್ದುದರ ಅರ್ಧಕ್ಕಿಂತ ಕಮ್ಮಿ. ಆದರೆ ಪಂದ್ಯ ಆಡಿದ್ದನ್ನು ನೋಡಲಾಗಿದೆ ಎಂಬುದು ದಾಖಲಾದ್ದರಿಂದ ಹೆಸರು ಉಳಿಯಿತು. ಪಟ್ಟಿಯ ಕೆಳಭಾಗದಲ್ಲಿ ಮಧುಕುಮಾರ್ ಇದ್ದಾರೆ. ಬೆಂಗಳೂರಿನ ಕ್ಲಬ್ ಪಟ್ಟಿಯ ಕೆಳಗಿನವರನ್ನೆಲ್ಲ ಮುಂದಿನ ತಿಂಗಳು ಒಂದೇ ದಿನ ಆಯ್ಕೆ ಪಂದ್ಯಕ್ಕೆ ಕರೆದಿದೆ, ಅವರನ್ನೂ. ಆಯ್ಕೆಯಾಗುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತೋಟದ ಮಾಲೀಕರು ಎರಡು ದಿನ ರಜೆ ಕೊಡಲು ಒಪ್ಪಿದ್ದಾರೆ.

ಸುಮಿತ್ರಮ್ಮ ಈಗ ಅಪರಿಚಿತರು ಯಾರೇ ಬಾಗಿಲಿಗೆ ಬಂದರೂ ನೀರಿನ ಲೋಟ ಕೈಗೆ ಕೊಡುತ್ತ ‘ಬೆಲೆ ಹೇಳೋದೇನಾದ್ರೂ ಐತೇನಪ್ಪ?’ ಎಂದು ಕೇಳುತ್ತಾರೆ. ಮೊನ್ನೆ ವಿದ್ಯುತ್ ಮೀಟರ್ ಓದಲು ಬಂದವರನ್ನೂ ಕೇಳಿದರು. ಆ ಭಾನುವಾರ ಸೊಸೆಯ ಮನಸ್ಸಿನಲ್ಲಿ ನಿಂತ ಬೆಲೆ ಎಷ್ಟೆಂದು ತಿಳಿಯುವ ಆಸೆ ಅವರಿಗೆ ಇನ್ನೂ ಹೋಗಿಲ್ಲ. ‘ರಮಾ ಹೇಳಿದ್ದಕ್ಕಿಂತ ಜಾಸ್ತಿನಾ ಕಮ್ಮಿನಾ, ಅಷ್ಟಾದ್ರೂ ಹೇಳೇ ಅಂದೆ. ಬಾಯಿ ಬಿಡಲ್ಲ.’

ಹೊರಗೆ ಹಮಾಲರ ಸದ್ದು ಕೇಳುತ್ತದೆ. ಶಿಲ್ಪಾ ಲ್ಯಾಪ್‌ಟಾಪ್ ಮುಚ್ಚಿ, ಮೇಜನ್ನು ಗೋಡೆಗೆ ಸರಿಸಿ, ಚೀಲಗಳಿಗೆ ದಾರಿ ಮಾಡುತ್ತಾರೆ. ಹೆಸರು ಬರಬೇಕು, ಗೌರವಧನ ಹೆಚ್ಚಬೇಕು ಎಂಬ ಬೇಡಿಕೆ ಅವರಿಂದ ಬರುವುದಿಲ್ಲ. ಏನಾಗಬೇಕು ಎಂದು ಒತ್ತಾಯಿಸಿ ಕೇಳಿದರೆ, ಶಾಲು ಮಡಿಸುತ್ತ ಹೇಳುತ್ತಾರೆ:

‘ಮಧುಕುಮಾರ್ ಒಂದು ಸಲ ಮನೆಗೆ ಬರ್ಲಿ. ಅವತ್ತು ಅವರೊಬ್ಬರೇ ತಿಂದು ಹೋದ್ರು. ಈಗ ಬೆಲೆ ಹೇಳಿ ಆಗಿದೆಯಲ್ಲ. ಜೊತೇಲಿ ಕೂತು ಊಟ ಮಾಡ್ಬೋದು.’